ಡೆಲೋಸ್ ದ್ವೀಪ: ಹುಟ್ಟುಸಾವಿಗೆ ಎಡೆಯಿಲ್ಲದ ಕ್ಷೇತ್ರ ದೊಡ್ಡ ಪೇಟೆಯಾದದ್ದು ಹೇಗೆ?

ಬಸವನಗುಡಿಯ ಓದುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಯಲ್ಲಿ ನಾನು ಮತ್ತು ನನ್ನ ಪತ್ನಿ ಗ್ರೀಸ್ ದೇಶಕ್ಕೆ ಹೋಗುವ ಸಿದ್ಧತೆಯಲ್ಲಿದ್ದೇವೆ. ಏಜಿಯನ್ ಸಮುದ್ರದ ಮಿಕೊನೊಸ್‌ನಲ್ಲಿ ಉಳಿದುಕೊಂಡು, ಅಲ್ಲಿಂದ ದೋಣಿಯಲ್ಲಿ ಅರ್ಧ ಗಂಟೆಯ ದೂರದಲ್ಲಿರುವ ಡೆಲೋಸ್ ದ್ವೀಪವನ್ನು ನೋಡಬೇಕೆಂಬುದು ನಮ್ಮ ಮುಖ್ಯ ಆಸೆ. ಸುಮಾರು ಮೂರೂವರೆ ಚದರ ಕಿಲೋಮೀಟರ್ ವಿಸ್ತೀರ್ಣದ ಈ ಬಂಜರು ದ್ವೀಪವನ್ನು ಅಪೊಲೋ ದೇವರ ಜನ್ಮಸ್ಥಳವೆಂದು ಗ್ರೀಕರು ಶತಮಾನಗಳ ಕಾಲ ಪೂಜಿಸಿದರು. ಅದರ ಅವಶೇಷಗಳನ್ನು ಯುನೆಸ್ಕೊ 1990ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೋಗುವ ಮೊದಲು ಓದಿಕೊಳ್ಳುತ್ತಿರುವಾಗ ಎರಡು ಸಂಗತಿಗಳು ಒಂದಕ್ಕೊಂದು ಹೊಂದದೆ ನನ್ನನ್ನು ಕಾಡುತ್ತಿವೆ. ಕ್ರಿ.ಪೂ. 426ರಲ್ಲಿ ಅಥೆನ್ಸ್‌ನವರು ಈ ದ್ವೀಪದ ಗೋರಿಗಳನ್ನೆಲ್ಲ ಅಗೆದು ತೆಗೆಸಿ, ಇನ್ನು ಮುಂದೆ ಇಲ್ಲಿ ಯಾರೂ ಹುಟ್ಟಕೂಡದು, ಯಾರೂ ಸಾಯಕೂಡದು ಎಂದು ಕಟ್ಟಳೆ ಮಾಡಿದರಂತೆ. ಅದೇ ದ್ವೀಪದಲ್ಲಿ ಮುನ್ನೂರು ವರ್ಷಗಳೊಳಗೆ, ಒಂದೇ ದಿನದಲ್ಲಿ ಹತ್ತು ಸಾವಿರ ಗುಲಾಮರನ್ನು ಇಳಿಸಿಕೊಂಡು ಮಾರಿ ಕಳುಹಿಸಬಲ್ಲ ಸಂತೆ ನಡೆಯುತ್ತಿತ್ತೆಂದು ಪ್ರಾಚೀನ ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ. ಸೂತಕದ ನೆರಳೂ ಬೀಳಬಾರದೆಂದು ಕಾಪಾಡಿದ ನೆಲದಲ್ಲಿ ಮನುಷ್ಯರ ಮಾರಾಟ ನಡೆದದ್ದಾದರೂ ಹೇಗೆ? ಆ ವೇಳೆಗೆ ದೈವಭಕ್ತಿ ಹೋಗಿ ಬರೀ ವ್ಯಾಪಾರ ಉಳಿದಿತ್ತು ಎಂದು ತಿಳಿಯಬೇಕೆ? ದ್ವೀಪದಲ್ಲಿ ರಾತ್ರಿ ತಂಗಲು ಅನುಮತಿ ಇಲ್ಲದ ಕಾರಣ ನಮಗೆ ಸಿಗುವುದು ಮೂರು ನಾಲ್ಕು ಗಂಟೆ ಮಾತ್ರ. ಬಲ್ಲವರು ಈ ಗೊಂದಲವನ್ನು ಬಿಡಿಸಿ, ಯಾವುದನ್ನು ಗಮನವಿಟ್ಟು ನೋಡಬೇಕೆಂದೂ ತಿಳಿಸಿದರೆ ಉಪಕಾರವಾಗುತ್ತದೆ.

ಮಲ್ಲೇಶ್ವರದ ಇತಿಹಾಸ ಅಧ್ಯಾಪಕಿ:

ನಮಸ್ಕಾರ ಸರ್. ನಿಮ್ಮ ಪ್ರಶ್ನೆಯಲ್ಲೇ ಒಂದು ಊಹೆ ಅಡಗಿದೆ: ಮೊದಲು ಶುದ್ಧವಾದ ಕ್ಷೇತ್ರವೊಂದಿತ್ತು, ಆಮೇಲೆ ವ್ಯಾಪಾರ ಬಂದು ಅದನ್ನು ಕೆಡಿಸಿತು ಎಂಬುದು. ಡೆಲೋಸ್‌ನ ಇತಿಹಾಸ ಹಾಗೆ ನಡೆಯಲಿಲ್ಲ. ಹೋಮರನ ಹೆಸರಿನಲ್ಲಿ ಉಳಿದು ಬಂದಿರುವ ಅಪೊಲೋ ಸ್ತೋತ್ರವನ್ನೇ ನೋಡಿ. ಹೆದರಿಕೆಯಿಂದ ಯಾವ ನಾಡೂ ಜಾಗ ಕೊಡದಿದ್ದಾಗ, ಅಪೊಲೋನ ತಾಯಿಯಾಗಲಿದ್ದ ಬಸುರಿ ಲೆಟೊ ಈ ಬಡ ದ್ವೀಪದ ಮುಂದೆ ಬಂದು ಅದಕ್ಕೆ ಒಂದು ಮಾತು ಕೊಡುತ್ತಾಳೆ: ನಿನ್ನ ಮಣ್ಣಿನಲ್ಲಿ ಸಾರವಿಲ್ಲ, ನಿನ್ನಲ್ಲಿ ದನಕರು ಹೆಚ್ಚುವುದಿಲ್ಲ, ಆದರೆ ನನ್ನ ಮಗನ ಗುಡಿ ನಿನ್ನ ಮೇಲೆ ನಿಂತರೆ ಲೋಕದ ಜನ ಬಲಿ ಕಾಣಿಕೆಗಳನ್ನು ಹೊತ್ತು ಬರುತ್ತಾರೆ, ಪರರ ಕೈಯಿಂದ ನಿನ್ನ ಜನ ಉಣ್ಣುತ್ತಾರೆ. ಬೆಳೆಯಿಲ್ಲದ ನೆಲಕ್ಕೆ ದೇವರೇ ಜೀವನಾಧಾರವೆಂಬ ತಿಳಿವಳಿಕೆ ಆ ಕಾಲದ ಭಕ್ತರಿಗೇ ಇತ್ತು, ಅದನ್ನು ಹಾಡುವುದಕ್ಕೆ ಅವರು ಸಂಕೋಚಪಡಲಿಲ್ಲ.

ಇನ್ನು ಶುದ್ಧೀಕರಣದ ಮಾತು. ಅದರಲ್ಲಿ ಭಕ್ತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಅಥೆನ್ಸ್ ಆಗಷ್ಟೇ ಘೋರ ಪಿಡುಗಿನಿಂದ ನರಳಿತ್ತು, ದೇವರ ಕೋಪವನ್ನು ಶಮನಗೊಳಿಸಬೇಕೆಂಬ ಭಯ ನಿಜವಾದದ್ದೇ. ಆದರೆ ಡೆಲೋಸ್‌ನ ಪಾವಿತ್ರ್ಯವನ್ನು ಯಾರು ಕಾಯುತ್ತಾರೋ ಅವರು ಏಜಿಯನ್ ದ್ವೀಪಗಳ ಒಡೆತನವನ್ನೂ ಸಾರಿದಂತೆ ಎಂಬುದನ್ನು ಅಥೆನ್ಸ್ ಬಹಳ ಹಿಂದೆಯೇ ಅರಿತಿತ್ತು. ಕ್ರಿ.ಪೂ. ಆರನೇ ಶತಮಾನದಲ್ಲಿ ಅಥೆನ್ಸ್‌ನ ಸರ್ವಾಧಿಕಾರಿ ಪೀಸಿಸ್ಟ್ರಾಟಸ್ ದೇವಾಲಯದ ಕಣ್ಣಳತೆಯಲ್ಲಿದ್ದ ಗೋರಿಗಳನ್ನು ತೆಗೆಸಿದ್ದ. ಪರ್ಷಿಯನ್ನರ ವಿರುದ್ಧ ಕ್ರಿ.ಪೂ. 478ರಲ್ಲಿ ಕಟ್ಟಿದ ಒಕ್ಕೂಟದ ಬೊಕ್ಕಸವನ್ನು ಅಪೊಲೋನ ರಕ್ಷಣೆಯಲ್ಲಿ ಇದೇ ದ್ವೀಪದಲ್ಲಿರಿಸಿ, ಕ್ರಿ.ಪೂ. 454ರಲ್ಲಿ ಅದನ್ನು ಅಥೆನ್ಸ್‌ಗೆ ಸಾಗಿಸಿದರು. ಆ ಹೊತ್ತಿಗೆ ಕಟ್ಟಲಾರಂಭಿಸಿದ್ದ ಅಪೊಲೋನ ದೊಡ್ಡ ಗುಡಿ ಅರ್ಧಕ್ಕೇ ನಿಂತು, ಅಥೆನ್ಸ್‌ನ ಹಿಡಿತ ತಪ್ಪಿದ ಮೇಲಷ್ಟೇ ಮುಂದುವರಿಯಿತು. ಕ್ರಿ.ಪೂ. 426ರ ಕಟ್ಟಳೆಯಾದ ನಾಲ್ಕು ವರ್ಷಕ್ಕೆ, ದ್ವೀಪ ಇನ್ನೂ ಸಾಕಷ್ಟು ಶುದ್ಧವಾಗಿಲ್ಲವೆಂದು ಹೇಳಿ ಅಲ್ಲಿನ ಮೂಲನಿವಾಸಿಗಳನ್ನೇ ಹೊರಹಾಕಿದರು. ಮರುವರ್ಷ ಡೆಲ್ಫಿಯ ದೈವವಾಣಿಯ ಕಾರಣದಿಂದ ಅವರನ್ನು ಮರಳಿ ಕರೆಸಬೇಕಾಯಿತು. ತಮ್ಮ ನೆಲದ ಹಕ್ಕಿಗಾಗಿ ವಾದಿಸಿದ ಡೆಲೋಸ್‌ನವರಿಗೆ ಸ್ಪಾರ್ಟದ ನಾಯಕನೊಬ್ಬ, ನಿಮ್ಮಲ್ಲಿ ಯಾರೂ ಹುಟ್ಟದ, ಯಾರೂ ಹೂಳಲ್ಪಡದ ನೆಲ ನಿಮ್ಮ ತಾಯ್ನಾಡಾಗುವುದು ಹೇಗೆ ಎಂದು ಕೇಳಿದನೆಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ದಾಖಲಿಸಿದ್ದಾನೆ. ಬಸುರಿಯರನ್ನೂ ಸಾಯುವ ಸ್ಥಿತಿಯಲ್ಲಿದ್ದವರನ್ನೂ ಪಕ್ಕದ ರೆನೆಯಾ ದ್ವೀಪಕ್ಕೆ ಸಾಗಿಸುತ್ತಿದ್ದರು. ಒಂದು ಊರಿನ ಜನರಿಂದ ಹುಟ್ಟನ್ನೂ ಸಾವನ್ನೂ ಕಸಿದುಕೊಳ್ಳುವುದೆಂದರೆ ಅವರ ಊರನ್ನೇ ಕಸಿದುಕೊಂಡಂತೆ ಎಂಬುದು ನನ್ನ ಅಭಿಪ್ರಾಯ.

ಕ್ರಿ.ಪೂ. 314ರಿಂದ ಸುಮಾರು ಒಂದೂವರೆ ಶತಮಾನ ಡೆಲೋಸ್ ಸ್ವತಂತ್ರವಾಗಿತ್ತು. ಆ ಕಾಲದ ದೇವಾಲಯದ ಲೆಕ್ಕಪತ್ರಗಳನ್ನು ಅಧಿಕಾರಿಗಳು ಕಲ್ಲಿನ ಮೇಲೆ ಕೊರೆಸಿಟ್ಟಿದ್ದಾರೆ. ದೇವರ ಹೊಲಗಳ ಗೇಣಿ, ಮನೆಗಳ ಬಾಡಿಗೆ, ಸೌದೆಯ ಬೆಲೆ, ಕೆಲಸಗಾರರ ಕೂಲಿ, ಶುದ್ಧಿಗಾಗಿ ಬಲಿ ಕೊಟ್ಟ ಹಂದಿಯ ಕ್ರಯ, ಎಲ್ಲವೂ ಅಲ್ಲಿವೆ. ದೇವರ ಹಣವನ್ನು ಶೇಕಡಾ ಹತ್ತರ ಬಡ್ಡಿಗೆ ಸಾಲ ಕೊಡುತ್ತಿದ್ದರು. ಗುಡಿಗೆ ಹೊನ್ನು ಕೊಟ್ಟು ಅದರ ಬಡ್ಡಿಯಿಂದ ನಂದಾದೀಪ ಉರಿಯಲಿ ಎಂದು ಬರೆಸಿದ ನಮ್ಮ ಶಾಸನಗಳನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ನಿಜವಾದ ತಿರುವು ಬಂದದ್ದು ರೋಮ್‌ನಿಂದ. ಮ್ಯಾಸಿಡೋನಿಯದ ಯುದ್ಧದಲ್ಲಿ ರೋಡ್ಸ್ ದ್ವೀಪದ ನಡತೆಯಿಂದ ಸಿಟ್ಟಾದ ರೋಮನ್ನರು ಕ್ರಿ.ಪೂ. 166ರ ಸುಮಾರಿಗೆ ಡೆಲೋಸನ್ನು ಮತ್ತೆ ಅಥೆನ್ಸ್‌ಗೆ ಒಪ್ಪಿಸಿ, ಅದರ ಬಂದರನ್ನು ಸುಂಕಮುಕ್ತವಾಗಿಸಿದರು. ಡೆಲೋಸ್‌ನವರನ್ನು ಮತ್ತೊಮ್ಮೆ ಹೊರಹಾಕಲಾಯಿತು. ರೋಡ್ಸ್‌ನ ಬಂದರಿನ ವಾರ್ಷಿಕ ಆದಾಯ ಹತ್ತು ಲಕ್ಷ ದ್ರಾಕ್ಮಾದಿಂದ (ಗ್ರೀಕರ ನಾಣ್ಯ) ಒಂದೂವರೆ ಲಕ್ಷಕ್ಕೆ ಕುಸಿಯಿತೆಂದು ಇತಿಹಾಸಕಾರ ಪಾಲಿಬಿಯಸ್ ಬರೆಯುತ್ತಾನೆ. ಕ್ರಿ.ಪೂ. 146ರಲ್ಲಿ ಕೊರಿಂಥ್ ನಾಶವಾದಾಗ ಅಲ್ಲಿನ ವರ್ತಕರೂ ಇಲ್ಲಿಗೆ ಬಂದರು. ಸುಂಕವಿಲ್ಲದ್ದರ ಜೊತೆಗೆ, ದೇವರ ಕಾವಲಿನಲ್ಲಿರುವ ನೆಲವನ್ನು ಯಾರೂ ಲೂಟಿ ಮಾಡಲಾರರೆಂಬ ನಂಬಿಕೆ ವರ್ತಕರನ್ನು ಸೆಳೆಯಿತು. ಕ್ರಿ.ಪೂ. 490ರಲ್ಲಿ ಗ್ರೀಸ್ ಮೇಲೆ ದಂಡೆತ್ತಿ ಬಂದ ಪರ್ಷಿಯದ ಸೇನಾನಿ ಡೇಟಿಸ್ ಕೂಡ ಈ ದ್ವೀಪವನ್ನು ಮುಟ್ಟದೆ, ಇಬ್ಬರು ದೇವತೆಗಳು (ಅಪೊಲೋ ಮತ್ತು ಅವನ ಅವಳಿ ಸೋದರಿ ಆರ್ಟೆಮಿಸ್) ಹುಟ್ಟಿದ ನೆಲಕ್ಕೆ ಕೇಡು ಮಾಡಲಾರೆನೆಂದು ಸಾರಿ, 300 ಟ್ಯಾಲೆಂಟ್ ತೂಕದ ಧೂಪ ಹಾಕಿ ಹೋಗಿದ್ದನೆಂಬುದು ಇತಿಹಾಸಕಾರ ಹೆರೊಡೊಟಸ್ ಹೇಳುವ ಮಾತು. ವ್ಯಾಪಾರ ಬೆಳೆದದ್ದು ಪಾವಿತ್ರ್ಯ ಅಳಿದುದರಿಂದಲ್ಲ. ಪಾವಿತ್ರ್ಯ ಕೊಡುತ್ತಿದ್ದ ಅಭಯದ ಆಸರೆಯಲ್ಲಿಯೇ ಅದು ಬೆಳೆಯಿತು.

ಜಯನಗರದ ಮಳೆನೀರು ಎಂಜಿನಿಯರ್:

ಮೇಡಂ ಅವರು ಇತಿಹಾಸದ ಎಳೆಯನ್ನು ವಿವರವಾಗಿ ಬಿಡಿಸಿದ್ದಾರೆ. ಅವಶೇಷಗಳನ್ನು ನೋಡುವ ವಿಷಯದಲ್ಲಿ ಕೆಲವು ಮಾತು ಸೇರಿಸುತ್ತೇನೆ. ಮಳೆನೀರು ಸಂಗ್ರಹಣೆ ನನ್ನ ವೃತ್ತಿಯಾದುದರಿಂದ ದ್ವೀಪದಲ್ಲಿ ನನ್ನ ಕಣ್ಣು ಹೆಚ್ಚು ಹೋದದ್ದು ನೀರಿನ ಕಡೆಗೆ, ಮತ್ತು ಆ ಊರನ್ನು ಅರ್ಥಮಾಡಿಕೊಳ್ಳಲು ಅದು ಒಳ್ಳೆಯ ದಾರಿ ಎಂದೇ ನಾನು ನಂಬಿದ್ದೇನೆ.

ಡೆಲೋಸ್‌ನಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಸುಮಾರು 112 ಮೀಟರ್ ಎತ್ತರದ ಕಿಂಥೋಸ್ ಬೆಟ್ಟದಿಂದ ಇಳಿಯುವ ಇನೋಪೋಸ್ ಎಂಬ ತೊರೆ ಮಳೆಗಾಲ ಕಳೆದರೆ ಬತ್ತುತ್ತದೆ. ಹೀಗಿದ್ದೂ ಕ್ರಿ.ಪೂ. ಎರಡನೇ ಶತಮಾನದ ಕೊನೆಗೆ ಇಲ್ಲಿ ಸಾವಿರಾರು ಜನ ಒತ್ತೊತ್ತಾಗಿ ವಾಸಿಸುತ್ತಿದ್ದರು. ರಂಗಮಂದಿರದ ಸುತ್ತಲಿನ ಬಡಾವಣೆಯ ದೊಡ್ಡ ಮನೆಗಳಿಗೆ ಹೋದರೆ, ನಡುವೆ ಕಂಬಗಳಿಂದ ಸುತ್ತುವರಿದ ಒಳಾಂಗಳ, ಅದರ ನೆಲಕ್ಕೆ ಬಣ್ಣದ ಕಲ್ಲಿನ ಚೂರುಗಳಿಂದ ಜೋಡಿಸಿದ ಚಿತ್ತಾರ, ಆ ಚಿತ್ತಾರದ ಕೆಳಗೆ ನೀರಿನ ತೊಟ್ಟಿ ಇರುವುದನ್ನು ಕಾಣುತ್ತೀರಿ. ಮಾಡಿನ ಮೇಲೆ ಬಿದ್ದ ಮಳೆ ಅಂಗಳಕ್ಕೆ ಇಳಿದು ನೆಲದಡಿಯ ತೊಟ್ಟಿ ಸೇರುತ್ತಿತ್ತು. ಪ್ರವಾಸಿಗಳು ಮೇಲಿನ ಚಿತ್ತಾರದ ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ತಾವು ದಯವಿಟ್ಟು ತೊಟ್ಟಿಯ ಬಾಯಿಯನ್ನೂ, ಹಗ್ಗದ ಉಜ್ಜಿನಿಂದ ಸವೆದ ಕಲ್ಲು ಸಿಕ್ಕಿದರೆ ಅದನ್ನೂ ನೋಡಿ.

ಸುಮಾರು 5,500 ಜನ ಕೂರಬಹುದಾಗಿದ್ದ ರಂಗಮಂದಿರವೂ ಈ ವ್ಯವಸ್ಥೆಯ ಭಾಗವೇ. ಇಳಿಜಾರಿನ ಆಸನಗಳ ಮೇಲೆ ಬಿದ್ದ ಮಳೆನೀರು ಹರಿದು ಕೆಳಗಿನ ದೊಡ್ಡ ತೊಟ್ಟಿಗೆ ಸೇರುವಂತೆ ಕಟ್ಟಿದ್ದಾರೆ. ಆ ತೊಟ್ಟಿಯ ಮೇಲಿನ ಹಾಸುಗಲ್ಲನ್ನು ಹೊರುತ್ತಿದ್ದ ಗ್ರಾನೈಟ್ ಕಮಾನುಗಳು ಇಂದಿಗೂ ಸಾಲಾಗಿ ನಿಂತಿವೆ. ದ್ವೀಪದಲ್ಲಿ ಒಂದೇ ಒಂದು ಕಟ್ಟಡವನ್ನು ನಿಂತು ನೋಡಲು ಸಮಯವಿದ್ದರೆ ನಾನು ಸೂಚಿಸುವುದು ಇದನ್ನೇ, ಸಿಂಹಗಳನ್ನಲ್ಲ.

ಸಿಂಹಗಳ ವಿಷಯಕ್ಕೆ ಬಂದರೆ, ಕ್ರಿ.ಪೂ. ಏಳನೇ ಶತಮಾನದಲ್ಲಿ ನಾಕ್ಸೋಸ್ ದ್ವೀಪದವರು ಹರಕೆಯಾಗಿ ನಿಲ್ಲಿಸಿದ ಅಮೃತಶಿಲೆಯ ಸಿಂಹಗಳ ಸಾಲಿನಲ್ಲಿ ಈಗ ಬಯಲಿನಲ್ಲಿರುವವು ಪ್ರತಿಕೃತಿಗಳು. ಉಪ್ಪುಗಾಳಿಯಿಂದ ಕಾಪಾಡಲು ಮೂಲ ಶಿಲ್ಪಗಳನ್ನು 1999ರಲ್ಲಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಒಂದರ ಮುಂಡ ವೆನಿಸ್‌ಗೆ ಹೋಗಿ, ಬೇರೆ ತಲೆ ಕೂಡಿಸಿಕೊಂಡು, ಅಲ್ಲಿನ ಹಡಗುಕಟ್ಟೆಯ ಬಾಗಿಲಲ್ಲಿ ಕೂತಿದೆ. ಸಿಂಹಗಳು ಮುಖಮಾಡಿರುವ ಪವಿತ್ರ ಸರೋವರವನ್ನು ಮಲೇರಿಯದ ಕಾರಣಕ್ಕೆ 1920ರ ದಶಕದಲ್ಲಿ ಬತ್ತಿಸಲಾಯಿತು. ಲೆಟೊ ಮಗುವನ್ನು ಹೆರುವಾಗ ಅಪ್ಪಿಕೊಂಡಿದ್ದ ಮರದ ನೆನಪಿಗೆ ಅಲ್ಲಿ ಒಂದು ಖರ್ಜೂರದ ಮರ ನೆಟ್ಟಿದ್ದಾರೆ.

ದ್ವೀಪದಲ್ಲಿ ನೆರಳೆಂಬುದು ಇಲ್ಲವೆಂದೇ ಹೇಳಬೇಕು. ಮೊದಲ ದೋಣಿಗೇ ಹೊರಡಿ, ಟೋಪಿ ಮತ್ತು ಕುಡಿಯುವ ನೀರು ಕೈಯಲ್ಲಿರಲಿ, ಬಿಸಿಲೇರುವ ಮುನ್ನ ಬೆಟ್ಟ ಹತ್ತಿಬಿಡಿ. ಸುತ್ತಲಿನ ದ್ವೀಪಗಳು ಡೆಲೋಸನ್ನು ಬಳಸಿ ನಿಂತಿರುವುದು ಮೇಲಿನಿಂದಲೇ ಚೆನ್ನಾಗಿ ಕಾಣುವುದು.

ರಾಜಾಜಿನಗರದ ಯಾತ್ರಿಕ:

ಮೇಡಂ ಅವರ ಮಾತಿಗೆ ಬಹುಪಾಲು ಒಪ್ಪಿಗೆಯಿದೆ. ಆದರೆ ಅವರ ನಿರೂಪಣೆಯಲ್ಲಿ ಅಥೆನ್ಸ್, ರೋಮ್, ಬೊಕ್ಕಸ, ಸುಂಕಗಳೇ ಮುಂದೆ ಬಂದು, ಯಾತ್ರೆಗೆ ಬಂದ ಸಾಮಾನ್ಯ ಭಕ್ತ ಹಿಂದೆ ಸರಿದಂತೆ ನನಗೆ ತೋರಿತು. ಅವರೇ ಉಲ್ಲೇಖಿಸಿದ ಸ್ತೋತ್ರದಲ್ಲಿ ಅಯೋನಿಯದ ಜನ ಉದ್ದನೆಯ ಉಡುಪು ತೊಟ್ಟು, ಹೆಂಡಿರು ಮಕ್ಕಳೊಡನೆ ನೆರೆದು, ಮುಷ್ಟಿಯುದ್ಧ, ಕುಣಿತ, ಹಾಡುಗಳಿಂದ ಅಪೊಲೋನನ್ನು ಸಂತೋಷಪಡಿಸುವ ಸುಂದರ ವರ್ಣನೆಯೂ ಇದೆ. ಬಸವನಗುಡಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕಡಲೆಕಾಯಿ ಪರಿಷೆಯಲ್ಲಿ ದೊಡ್ಡ ಬಸವಣ್ಣನಿಗೆ ಕೈಮುಗಿಯುವವರನ್ನೂ ಕಡಲೆಕಾಯಿ ಮಾರುವವರನ್ನೂ ಬೇರೆ ಬೇರೆ ಮಾಡಿ ನಿಲ್ಲಿಸಲು ಸಾಧ್ಯವಿಲ್ಲ.

ವರ್ತಕರು ತಮ್ಮ ತಮ್ಮ ದೇವರುಗಳನ್ನು ಹೊತ್ತು ತಂದರು. ಬೆಟ್ಟದ ಇಳಿಜಾರಿನಲ್ಲಿ ಈಜಿಪ್ಟಿನ ದೇವತೆಗಳ ಗುಡಿಗಳಿವೆ; ಐಸಿಸ್ ದೇವಿಯ ಗುಡಿಯ ಮುಂಭಾಗವನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಸಿರಿಯದ ಅಟಾರ್ಗಟಿಸ್ ದೇವಿಯ ಆವರಣವೂ ಅಲ್ಲೇ ಇದೆ. ಬೆರಿಟೋಸ್, ಎಂದರೆ ಇಂದಿನ ಬೈರೂತ್‌ನ ವರ್ತಕರು ಪೊಸೈಡನ್ ದೇವರ ಹೆಸರಿನಲ್ಲಿ ಸಂಘ ಕಟ್ಟಿಕೊಂಡು, ಅದಕ್ಕೊಂದು ದೊಡ್ಡ ಭವನವನ್ನೇ ಕಟ್ಟಿಸಿದ್ದರು. ದ್ವೀಪದ ಪೂರ್ವ ದಡದಲ್ಲಿರುವ ಒಂದು ಕಟ್ಟಡವನ್ನು ಯಹೂದಿಗಳ ಪ್ರಾರ್ಥನಾ ಮಂದಿರವೆಂದು ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ. ಅದರ ಸಮೀಪದಲ್ಲಿ ಸಮಾರಿಯದವರ ಶಾಸನಗಳೂ ಸಿಕ್ಕಿವೆ.

ಇವುಗಳಲ್ಲೆಲ್ಲ ನನಗೆ ಪ್ರಿಯವಾದದ್ದು ಸೆರಾಪಿಸ್ ದೇವರ ಅತಿ ಹಳೆಯ ಗುಡಿಯ ಶಾಸನ. ಅಪೊಲೋನಿಯೋಸ್ ಎಂಬ ಪೂಜಾರಿ ಅದನ್ನು ಬರೆಸಿದ. ಅವನ ಅಜ್ಜ ಈಜಿಪ್ಟಿನ ಮೆಂಫಿಸ್‌ನಿಂದ ಬರುವಾಗ ದೇವರನ್ನು ಜೊತೆಯಲ್ಲೇ ಕರೆತಂದು, ಬಾಡಿಗೆ ಕೋಣೆಯಲ್ಲಿರಿಸಿ ಪೂಜಿಸುತ್ತಿದ್ದನಂತೆ. ಮೊಮ್ಮಗನ ಕನಸಿನಲ್ಲಿ ದೇವರು ಬಂದು, ಇನ್ನು ಬಾಡಿಗೆ ಜಾಗದಲ್ಲಿ ಇರಲಾರೆ, ಸ್ವಂತ ಗುಡಿ ಬೇಕು ಎಂದಿತು. ಕಸದಿಂದ ತುಂಬಿದ್ದ ಒಂದು ನಿವೇಶನವನ್ನು ಕೊಂಡು ಆರು ತಿಂಗಳಲ್ಲಿ ಗುಡಿ ಕಟ್ಟಿದಾಗ ಕೆಲವರು ಅಸೂಯೆಯಿಂದ ದಾವೆ ಹೂಡಿದರು. ದೇವರ ದಯೆಯಿಂದ ದಾವೆ ಗೆದ್ದೆವು ಎಂದು ಅವನು ಕೃತಜ್ಞತೆಯಿಂದ ದಾಖಲಿಸಿದ್ದಾನೆ. ಮುಂದೆ ಅಥೆನ್ಸ್‌ನ ಅಧಿಕಾರಿಗಳು ಸೆರಾಪಿಸ್‌ನ ಪೂಜೆಗೆ ಅಡ್ಡಿಪಡಿಸಿದಾಗ ಅಲ್ಲಿನ ಪೂಜಾರಿಯೊಬ್ಬ ರೋಮ್‌ವರೆಗೂ ಹೋಗಿ, ಸೆನೆಟ್‌ನಿಂದ ತನ್ನ ಪರವಾಗಿ ಆಜ್ಞೆ ತಂದ. ಇದನ್ನು ಬರೀ ವ್ಯಾಪಾರವೆನ್ನಲು ನನಗೆ ಮನಸ್ಸು ಬಾರದು.

ಹಾಗೆಯೇ ಕ್ಲಿಯೋಪಾತ್ರಾಳ ಮನೆಯನ್ನೂ ನೋಡಿ. ಈಕೆ ಈಜಿಪ್ಟಿನ ರಾಣಿಯಲ್ಲ, ಅಥೆನ್ಸ್‌ನ ಗೃಹಿಣಿ. ಅಪೊಲೋನ ಗುಡಿಗೆ ಎರಡು ಬೆಳ್ಳಿಯ ಮುಕ್ಕಾಲಿಗಳನ್ನು ಅರ್ಪಿಸಿದ ಗಂಡ ಡಯೋಸ್ಕೂರಿಡಿಸ್‌ನ ಪ್ರತಿಮೆಯನ್ನು ಕ್ರಿ.ಪೂ. 138ರ ಸುಮಾರಿಗೆ ತನ್ನ ಮನೆಯಂಗಳದಲ್ಲಿ ನಿಲ್ಲಿಸಿದಳು. ಅವಳ ಪ್ರತಿಮೆಯೂ ಪಕ್ಕದಲ್ಲಿದೆ. ಇಬ್ಬರದೂ ತಲೆಗಳು ಹೋಗಿವೆ, ಸೆರಗಿನ ನೆರಿಗೆಗಳು ಮಾತ್ರ ನಿಖರವಾಗಿ ಉಳಿದಿವೆ.

ಗುಲಾಮರ ಬಗ್ಗೆ ತಾವು ಕೇಳಿದ ಪ್ರಶ್ನೆಯನ್ನು ಹಗುರವಾಗಿ ದಾಟಬಾರದು. ವರ್ತಕನೇ, ಹಡಗು ತಂದು ನಿಲ್ಲಿಸು, ಸರಕಿಳಿಸು, ಎಲ್ಲ ಮಾರಿಹೋಯಿತು ಎಂಬ ಗಾದೆಯೇ ಹುಟ್ಟಿತ್ತೆಂದು ಸ್ಟ್ರಾಬೊ ಹೇಳುವಾಗ, ಆ ಸರಕು ಮನುಷ್ಯರು. ಕಡಲ್ಗಳ್ಳರು ಹಿಡಿದು ತಂದವರನ್ನು ರೋಮನ್ ಶ್ರೀಮಂತರ ಹೊಲಮನೆಗಳಿಗೆ ಮಾರುತ್ತಿದ್ದರು. ಇಟಾಲಿಯನ್ನರ ಚೌಕವೆಂಬ ವಿಶಾಲ ಆವರಣವೇ ಆ ಸಂತೆಯ ಜಾಗವೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ, ಮತ್ತೆ ಕೆಲವರು ಅದನ್ನು ಒಪ್ಪುವುದಿಲ್ಲ. ಜಾಗ ಯಾವುದೇ ಇರಲಿ, ಹುಟ್ಟುಸಾವು ಮೈಲಿಗೆಯೆಂದು ಬಗೆದ ಕಟ್ಟಳೆ ಮನುಷ್ಯರ ಮಾರಾಟವನ್ನು ಮೈಲಿಗೆಯೆಂದು ಬಗೆಯಲಿಲ್ಲ. ಮಡಿಯ ನಿಯಮಗಳಿಗೂ ನ್ಯಾಯಕ್ಕೂ ಅಲ್ಲಿ ಸಂಬಂಧವಿರಲಿಲ್ಲ. ನಿಮ್ಮ ಗೊಂದಲಕ್ಕೆ ನನಗೆ ತೋಚುವ ಪ್ರಾಮಾಣಿಕ ಉತ್ತರ ಇದು.

ಬಸವನಗುಡಿಯ ಓದುಗ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮಡಿ ಮತ್ತು ನ್ಯಾಯದ ಬಗ್ಗೆ ಬರೆದ ಮಾತು ನನ್ನ ಪ್ರಶ್ನೆಯ ತಿರುಳನ್ನೇ ಮುಟ್ಟಿದೆ. ಇನ್ನೆರಡು ಸಂದೇಹಗಳಿವೆ. ದೇವರ ಅಭಯವನ್ನು ನಂಬಿ ಬೆಳೆದ ಊರು ಕೊನೆಗೆ ಪಾಳು ಬಿದ್ದದ್ದು ಹೇಗೆ? ಅಗೆದು ತೆಗೆದ ಗೋರಿಗಳಲ್ಲಿದ್ದುದು ಎಲ್ಲಿಗೆ ಹೋಯಿತು?

ಮಲ್ಲೇಶ್ವರದ ಇತಿಹಾಸ ಅಧ್ಯಾಪಕಿ:

ಯಾತ್ರಿಕರು ಭಕ್ತನನ್ನು ಮುಂದಕ್ಕೆ ತಂದದ್ದು ಸರಿಯಾಗಿಯೇ ಇದೆ. ಸೆರಾಪಿಸ್‌ನ ಶಾಸನ ನನ್ನ ವಿವರಣೆಯ ಕೊರತೆಯನ್ನು ತುಂಬಿತು.

ಮೊದಲ ಸಂದೇಹಕ್ಕೆ ಉತ್ತರ ಚಿಕ್ಕದು, ಘೋರವಾದದ್ದು. ಡೆಲೋಸ್‌ಗೆ ಕೋಟೆ ಇರಲಿಲ್ಲ, ಅಲ್ಲಿನವರ ಬಳಿ ಆಯುಧಗಳೂ ಇರಲಿಲ್ಲ ಎಂದು ಗ್ರೀಕ್ ಪ್ರವಾಸಿ ಲೇಖಕ ಪೌಸಾನಿಯಸ್ ಬರೆದಿದ್ದಾನೆ. ಕ್ರಿ.ಪೂ. 88ರಲ್ಲಿ ರೋಮ್‌ನ ವೈರಿಯಾದ ಪೊಂಟಸ್‌ನ ರಾಜ ಮಿತ್ರಡೇಟಿಸನ ಪಡೆ ಬಂದಾಗ ಅದಕ್ಕೆ ಈ ದ್ವೀಪ ಅಪೊಲೋನ ಜನ್ಮಸ್ಥಳವಾಗಿ ಕಾಣಲಿಲ್ಲ, ರೋಮನ್ನರ ಗಳಿಕೆಯ ಊರಾಗಿ ಕಂಡಿತು. ಸತ್ತವರ ಸಂಖ್ಯೆಯನ್ನು ಇತಿಹಾಸಕಾರ ಅಪ್ಪಿಯನ್ 20,000 ಎನ್ನುತ್ತಾನೆ. ಕ್ರಿ.ಪೂ. 69ರಲ್ಲಿ ಕಡಲ್ಗಳ್ಳರು ಮತ್ತೆ ಲೂಟಿ ಮಾಡಿದರು. ಆಮೇಲೆ ರೋಮನ್ ಸೇನಾನಿ ಟ್ರಯಾರಿಯಸ್ ಅವಸರದಲ್ಲಿ ಕಟ್ಟಿಸಿದ ಗೋಡೆಯ ತುಣುಕುಗಳನ್ನು ಈಗಲೂ ನೋಡಬಹುದು. ಹೊತ್ತು ಮೀರಿತ್ತು, ಇಟಲಿಗೂ ಪೂರ್ವದ ಬಂದರುಗಳಿಗೂ ನೇರ ಸಂಚಾರ ಬೆಳೆದು, ನಡುವಿನ ಈ ತಂಗುದಾಣ ಯಾರಿಗೂ ಬೇಕಾಗಲಿಲ್ಲ. ಕ್ರಿ.ಶ. ಎರಡನೇ ಶತಮಾನದಲ್ಲಿ, ಗುಡಿ ಕಾಯಲು ಅಥೆನ್ಸ್ ಕಳಿಸಿದವರನ್ನು ಬಿಟ್ಟರೆ ಡೆಲೋಸ್ ನಿರ್ಜನವೆಂದು ಪೌಸಾನಿಯಸ್ ಹೇಳುತ್ತಾನೆ. ಕ್ರೈಸ್ತರ ಕಾಲದಲ್ಲಿ ಒಂದು ಸಣ್ಣ ಊರಾಗಿ ಕೆಲವು ಚರ್ಚುಗಳೊಂದಿಗೆ ಉಳಿದು, ಬಳಿಕ ಅದೂ ಅಳಿಯಿತು. ಮುಂದೆ ಸುತ್ತಲಿನವರಿಗೆ ದ್ವೀಪವೆಲ್ಲ ಸಿದ್ಧ ಕಲ್ಲುಗಣಿಯಾಯಿತು. ಅಮೃತಶಿಲೆಯನ್ನು ಕಟ್ಟಡಗಳಿಗೆ ಒಯ್ದರು, ಸುಣ್ಣಕ್ಕಾಗಿ ಸುಟ್ಟರು. 1870ರ ದಶಕದಲ್ಲಿ ಅಥೆನ್ಸ್‌ನಲ್ಲಿರುವ ಫ್ರೆಂಚ್ ಸಂಶೋಧನಾ ಸಂಸ್ಥೆ ಆರಂಭಿಸಿದ ಉತ್ಖನನದಿಂದ ಉಳಿದದ್ದು ಬೆಳಕಿಗೆ ಬಂತು.

ಗೋರಿಗಳಲ್ಲಿ ಸಿಕ್ಕಿದ್ದನ್ನೆಲ್ಲ ಅಥೆನ್ಸ್‌ನವರು ರೆನೆಯಾದಲ್ಲಿ ಒಂದು ಗುಂಡಿಯಲ್ಲಿ ಒಟ್ಟಾಗಿ ಹೂಳಿದ್ದರು. ಅಗೆಯುವಾಗ ಕಂಡ ಆಯುಧಗಳನ್ನೂ ಹೂಳಿದ ರೀತಿಯನ್ನೂ ನೋಡಿ, ಅರ್ಧಕ್ಕಿಂತ ಹೆಚ್ಚು ಗೋರಿಗಳು ಏಷ್ಯಾ ಮೈನರ್‌ನ ಕ್ಯಾರಿಯದವರವು ಎಂದು ಅಥೆನ್ಸ್‌ನ ಇತಿಹಾಸಕಾರ ಥುಸಿಡಿಡಿಸ್ ತೀರ್ಮಾನಿಸಿದ್ದಾನೆ. ಗೋರಿಯ ವಸ್ತುಗಳಿಂದ ಚರಿತ್ರೆಯನ್ನು ಊಹಿಸಿದ ಅತಿ ಹಳೆಯ ಪ್ರಯತ್ನಗಳಲ್ಲಿ ಇದೊಂದು. ನನ್ನ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುವ ಸಂಗತಿಯೂ ಹೌದು. 1898ರಲ್ಲಿ ಗ್ರೀಕ್ ಪುರಾತತ್ತ್ವಜ್ಞ ಸ್ಟಾವ್ರೊಪೌಲೋಸ್ ಆ ಗುಂಡಿಯನ್ನು ಪತ್ತೆಹಚ್ಚಿದರು. ಅದರಲ್ಲಿ ಸಿಕ್ಕ ಮಡಕೆ, ಹೂಜಿ, ಆಭರಣಗಳನ್ನು ಇರಿಸುವುದಕ್ಕೆಂದೇ 20ನೇ ಶತಮಾನದ ಆರಂಭದಲ್ಲಿ ಮಿಕೊನೊಸ್ ಪಟ್ಟಣದ ವಸ್ತುಸಂಗ್ರಹಾಲಯವನ್ನು ಕಟ್ಟಿದರು. ಅದು ಬಂದರಿನ ಹತ್ತಿರವೇ ಇದೆ. ಡೆಲೋಸ್‌ಗೆ ದೋಣಿ ಹತ್ತುವ ಹಿಂದಿನ ದಿನ ಅಲ್ಲಿಗೆ ಹೋಗಿ ಬನ್ನಿ. ಹೊರಡುವ ಮುನ್ನ ಅದು ತೆರೆದಿರುವ ದಿನಗಳನ್ನು ಒಮ್ಮೆ ವಿಚಾರಿಸಿಕೊಳ್ಳಿ.